ಮರಳು ಮೂಟೆಯ ಜಾಗ

ಮುಕ್ತಿನಾಥಕ್ಕೆ ಹೋಗಿ ಬಂದವರು ದೇವರ ವಿಷಯ ಹೇಳುತ್ತಾರೆ. ನಾನು ದೇವರನ್ನು ನೋಡಿದ್ದು ಸ್ವಲ್ಪ ಹೊತ್ತು. ಅದಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಒಬ್ಬ ಫಾರಿನ್ನಿನವನ ಬೆನ್ನು. ಆದ್ದರಿಂದ ಬೆನ್ನಿನ ವಿಷಯವನ್ನೇ ಬರೆಯುತ್ತೇನೆ. ನಾನು ಅಕ್ಷರ ಕಲಿತದ್ದು ಮಕ್ಕಳ ಮದುವೆಯಾದ ಮೇಲೆ, ಸಾಕ್ಷರತೆ ಕ್ಲಾಸಿನಲ್ಲಿ. ಒತ್ತಕ್ಷರ ಇವತ್ತಿಗೂ ಕೈ ಕೊಡುತ್ತವೆ. ಅವನ್ನು ಮೊಮ್ಮಗಳು ತಿದ್ದಿದ್ದಾಳೆ. ವಿಷಯ ತಿದ್ದಲು ನಾನು ಬಿಟ್ಟಿಲ್ಲ.

ಚನ್ನರಾಯಪಟ್ಟಣ

ನೇಪಾಳಕ್ಕೆ ಹೋಗುವ ಮುಂಚೆ ಚನ್ನರಾಯಪಟ್ಟಣಕ್ಕೆ ಹೋಗಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮದು ಹೊಳೆನರಸೀಪುರದ ಪಕ್ಕದ ಹಳ್ಳಿ. ನಾಲೆ ನೀರಿನ ಗದ್ದೆ ಬಯಲು. ಒಂದೇ ಮನೆಯಲ್ಲಿ ಅಣ್ಣ ತಮ್ಮ ಇಬ್ಬರು. ಅಣ್ಣನ ಹೆಂಡತಿ ನಾನು, ತಮ್ಮನ ಹೆಂಡತಿ ಜಯಮ್ಮ. ತೊಂಬತ್ತಾರೋ ತೊಂಬತ್ತೇಳೋ ಇರಬೇಕು, ಅಣ್ಣ ತಮ್ಮ ಸೇರಿ ಒಂದು ಹಳೆಯ ಮೋಟಾರ್ ಸೈಕಲ್ ಕೊಳ್ಳುವುದೆಂದು ತೀರ್ಮಾನವಾಯಿತು. ಚನ್ನರಾಯಪಟ್ಟಣದಲ್ಲಿ ಒಬ್ಬ ಮಾರುವವನಿದ್ದ. ಅದನ್ನು ಓಡಿಸಿ ನೋಡಲು ಹೋಗುವಾಗ ನಮ್ಮ ಯಜಮಾನರು ನನ್ನನ್ನೂ ಬಸ್ಸು ಹತ್ತಿಸಿದರು. ನಾನು ಯಾಕೆ ಎಂದು ಕೇಳಿದೆ.

"ಎತ್ತು ತಗಳೋವಾಗ ನೇಗ್ಲು ಕಟ್ಟಿ ನೋಡಾಕಿಲ್ವಾ, ಅಂಗೆ. ಒಬ್ನೇ ಕೂತು ಓಡ್ಸುದ್ರೆ ಎಂತಾ ಗಾಡಿಯಾದ್ರೂ ಓಯ್ತದೆ. ಹಿಂದ್ಗಡೆ ಹೆಂಡ್ರು ಕುಂತು ಏರು ಹತ್ತುದ್ರೆ ಅದ್ರ ಯೋಗ್ಯತೆ ಗೊತ್ತಾಯ್ತದೆ" ಅಂದರು.

ಮಾರುವವನ ಮನೆ ಮುಂದೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತೆ. ಊರಾಚೆ ಕೆರೆ ಏರಿಯವರೆಗೆ ಹೋಗಿ ಬಂದೆವು. ಇಳಿದ ಮೇಲೆ ಯಜಮಾನರು ಹೇಗಿದೆ ಎಂದು ನನ್ನನ್ನು ಕೇಳಿದರು. ಸೀಟಿನೊಳಗಿನ ಸ್ಪ್ರಿಂಗು ಎಡಗಡೆ ಚುಚ್ಚುತ್ತದೆ, ಏರಿನಲ್ಲಿ ಗಾಡಿ ಕೆಮ್ಮುತ್ತದೆ, ಸೀರೆ ಚಕ್ರಕ್ಕೆ ಸಿಗದಂತೆ ಹಾಕುವ ಗಾರ್ಡು ಮುರಿದಿದೆ ಅಂದೆ.

ಮಾರುವವನು ಮುಖ ಹುಳ್ಳಗೆ ಮಾಡಿಕೊಂಡ. "ಏನ್ ಸಾ, ಗಾಡಿ ನೋಡಾಕ್ ಬಂದಿದೀರಾ, ಹೆಣ್ ನೋಡಾಕ್ ಬಂದಿದೀರಾ? ಅಮ್ಮಾವ್ರು ಇಷ್ಟೊಂದು ಐಬು ತಗೀತಾವ್ರೆ."

ಗಾರ್ಡು ಹೊಸದು ಹಾಕಿಸಿಕೊಟ್ಟ. ಗಾಡಿ ಮನೆಗೆ ಬಂತು.

ಆ ಮೇಲೆ ಹಿಂದಿನ ಸೀಟು ನನ್ನದೇ ಆಗಿಹೋಯಿತು. ಹಾಸನದ ಆಸ್ಪತ್ರೆಗೆ, ಅರಕಲಗೂಡಿನ ನೆಂಟರ ಮನೆಗೆ, ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಗೆ. ಆ ಸೀಟಿನಲ್ಲಿ ನನಗೆ ನಿದ್ದೆ ಬರುತ್ತಿತ್ತು. ಪೂರಾ ನಿದ್ದೆಯಲ್ಲ. ಕಣ್ಣು ಅರ್ಧ ಮುಚ್ಚಿದರೆ ರಸ್ತೆ ಪಕ್ಕದ ಮರಗಳು ಒಂದಕ್ಕೊಂದು ಅಂಟಿಕೊಂಡು ನೀರಿನ ಹಾಗೆ ಹರಿಯುತ್ತಿದ್ದವು. ಇಂಜಿನ್ನಿನ ಸದ್ದು ಹೊಟ್ಟೆಯೊಳಗಿನಿಂದಲೇ ಬರುತ್ತಿದೆ ಅನಿಸುತ್ತಿತ್ತು. ಯಾರೂ ನನ್ನನ್ನು ಏನೂ ಕೇಳದ ಜಾಗ ಅದೊಂದೇ ಇದ್ದದ್ದು.

ಒಂದು ಗೌರಿ ಹಬ್ಬಕ್ಕೆ ಜಯಮ್ಮನನ್ನು ಅರಕಲಗೂಡಿನ ತವರಿಗೆ ಗಾಡಿಯಲ್ಲಿ ಬಿಡುವುದೆಂದು ಮಾತಾಗಿತ್ತು. ಅವಳು ತಲೆ ಬಾಚಿ, ಮೊರದ ಬಾಗಿನ ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಳು. ನಾನು ಬೆಳಿಗ್ಗೆಯೇ ಗಾಡಿ ಹತ್ತಿ ಹಾಸನಕ್ಕೆ ಹೋದವಳು ಮಧ್ಯಾಹ್ನ ಇಳಿದ ಮೇಲೆ ಬಂದೆ. ಅವಳು ಬಸ್ಸಿನಲ್ಲಿ ನಿಂತುಕೊಂಡು ಹೋಗಿದ್ದಳು. ಹಬ್ಬ ಮುಗಿಸಿ ಬಂದು, ಯಾಕೆ ಹೀಗೆ ಮಾಡಿದೆ ಎಂದು ಕೇಳಿದಳು. ನಾನು ಅಂದೆ:

"ಆ ಹಿಂದ್ಲು ಸೀಟು ನಿಮ್ಮಪ್ಪನ್ ಮನೆಯಿಂದ ಬಳುವಳಿ ಬಂದೈತಾ?"

ತಪ್ಪು ನನ್ನದೇ. ಅಂದದ್ದು ಅಂದಾಯಿತು. ಅವತ್ತಿನಿಂದ ಮಾತು ನಿಂತಿತು.

ನಮ್ಮ ಕಡೆ ಮಾತು ಬಿಟ್ಟ ವಾರಗಿತ್ತಿಯರು ಮೂಕರಾಗುವುದಿಲ್ಲ. ಹೇಳಬೇಕಾದ್ದನ್ನು ಇನ್ನೊಂದಕ್ಕೆ ಹೇಳುತ್ತಾರೆ. ಅವಳು ಕೋಳಿಗೆ, "ಉಪ್ಪು ಖಾಲಿ ಆಗೈತೆ" ಅನ್ನುವಳು. ನಾನು ಕಂಬಕ್ಕೆ, "ನಾಳೆ ತಂದ್ರಾಯ್ತು" ಅನ್ನುವೆ. ನಮ್ಮ ಯಜಮಾನರು ತೀರಿಕೊಂಡಾಗ ಹನ್ನೊಂದು ದಿನವೂ ಅಡುಗೆ ಮಾಡಿ ಹಾಕಿದವಳು ಜಯಮ್ಮನೇ. ದಿನಾ ಬೆಳಿಗ್ಗೆ ಒಲೆಯ ಮುಂದೆ ಕೂತು, "ಒಲೆ, ಉಣ್ಣದೆ ಇದ್ರೆ ಸತ್ತೋದೋರು ತಿರ್ಗಾ ಬಂದಾರಾ ಅಂತ ಕೇಳು" ಅನ್ನುತ್ತಿದ್ದಳು. ನಾನು ಉಂಡೆ. ಒಲೆಗೇ ಉತ್ತರ ಕೊಟ್ಟೆ.

ಹೀಗೆ ಹನ್ನೊಂದು ವರ್ಷ.

ಪೋಖರಾ

ನಮ್ಮ ಮೈದುನನೇ ಇಬ್ಬರಿಗೂ ಯಾತ್ರೆಗೆ ಸೀಟು ಹಿಡಿದ. ದೇವರು ಏನಾದರೂ ಮಾಡಿಯಾನು ಅಂತ ಅವನ ಲೆಕ್ಕ ಇರಬೇಕು. ಹಾಸನದಿಂದ ಹೊರಟ ಗುಂಪಿನಲ್ಲಿ ನಾಲ್ಕಾರು ತಾಲ್ಲೂಕಿನವರಿದ್ದರು. ಅರಕಲಗೂಡಿನ ಶಾಮಣ್ಣ ಮೇಷ್ಟ್ರು ಮತ್ತು ಅವರ ಹೆಂಡತಿ ಕಮಲಮ್ಮ ನಮ್ಮ ಪಕ್ಕದ ಸೀಟು. ಮೇಷ್ಟ್ರು ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿ ರಿಟೈರಾದವರು. ಕಮಲಮ್ಮ ಮಡಿ ಹೆಂಗಸು, ಆದರೆ ಮನಸ್ಸು ಮೆತ್ತಗೆ.

ದಾರಿಯ ಉದ್ದಕ್ಕೂ ನಾನೂ ಜಯಮ್ಮನೂ ಸೂಟ್‌ಕೇಸಿನ ಜೊತೆ ಮಾತಾಡಿಕೊಂಡೇ ಹೋದೆವು.

ಪೋಖರಾದಲ್ಲಿ ದೊಡ್ಡ ಕೆರೆ. ಬೆಟ್ಟ ನೀರಿನೊಳಗೆ ತಲೆಕೆಳಗಾಗಿ ನಿಂತಿತ್ತು. ನಮ್ಮ ಅಡುಗೆಯವರು ಕೆರೆ ದಡದಲ್ಲಿ ಒಲೆ ಹೂಡಿ ಮುದ್ದೆ ತೊಳಸಿದರು. ಅಲ್ಲಿಯ ಹೆಂಗಸರು ಸುತ್ತ ಬಂದು ನಿಂತರು. ಒಬ್ಬಳು ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿ, ತಮ್ಮ ಹಸುವಿನ ಕಡೆ ಕೈ ತೋರಿಸಿ, ಅದಕ್ಕೋ ಎಂದು ಸನ್ನೆಯಲ್ಲಿ ಕೇಳಿದಳು. ನನಗೆ ಸಿಟ್ಟು ಬರಲಿಲ್ಲ. ಅವರೂ ಹಿಟ್ಟನ್ನು ಬಿಸಿನೀರಿಗೆ ಹಾಕಿ ತಿರುವಿ ತಿನ್ನುವವರೇ. ಆದರೆ ಅಗಿಯುತ್ತಾರೆ. ನುಂಗುವುದು ನಮಗೆ ಮಾತ್ರ ಗೊತ್ತು.

ಅವರು ಹೊರೆಯನ್ನು ತಲೆಯ ಮೇಲೆ ಇಡುವುದಿಲ್ಲ. ಪಟ್ಟಿಯೊಂದನ್ನು ಹಣೆಗೆ ಕೊಟ್ಟು ಬೆನ್ನ ಮೇಲೆ ಹೊರುತ್ತಾರೆ. ನೆಲ ನೋಡಿಕೊಂಡೇ ನಡೆಯುತ್ತಾರೆ. ಅಷ್ಟು ಎತ್ತರದ ಬೆಟ್ಟವಿರುವ ಊರಿನಲ್ಲಿ ಹುಟ್ಟಿ, ಅದನ್ನು ನೋಡಲು ಪುರುಸೊತ್ತಿಲ್ಲ. ನಮ್ಮ ಹಾಸನದ ಹತ್ತಿರದ ಮೊಸಳೆ ಎಂಬ ಊರಿನಲ್ಲೂ ಹಾಗೆ. ಆ ಜೋಡಿ ಗುಡಿಯ ಮುಂದೆ ಕಣ ಮಾಡುವವರು ಕೆತ್ತನೆ ನೋಡುತ್ತಾ ಕೂತರೆ ರಾಗಿ ಬಡಿಯುವವರು ಯಾರು?

ಜೋಮ್ಸೋಮ್

ಇದು ಬೆಟ್ಟದ ಒಳಗಿನ ಊರು. ಒಂದು ಬೀದಿ, ಚಪ್ಪಟೆ ಮಾಳಿಗೆಯ ಮನೆಗಳು, ಮಾಳಿಗೆಯ ಅಂಚಿಗೆಲ್ಲ ಸೌದೆ ಪೇರಿಸಿದ್ದಾರೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿಗೇ ಮಂಜಿನ ಬೆಟ್ಟ. ಯಾರೋ ಹಬ್ಬಕ್ಕೆ ಸುಣ್ಣ ಹೊಡೆದು, ಕೆಮ್ಮಣ್ಣು ಬಳಿಯುವುದನ್ನು ಮರೆತ ಗೋಡೆಯ ಹಾಗೆ. ಸದ್ದಿಲ್ಲ. ಹಕ್ಕಿಯೂ ಇಲ್ಲ. ಎಚ್ಚರವಾಗಿದೆಯೋ ಇಲ್ಲವೋ ಎಂದು ಕೈ ಚಿವುಟಿ ನೋಡಿಕೊಂಡೆ.

ಮುಕ್ತಿನಾಥಕ್ಕೆ ಇಲ್ಲಿಂದ ಜೀಪು. ಬೆಳಿಗ್ಗೆ ಹೋಗಿ, ನೂರೆಂಟು ನಲ್ಲಿಯ ಕೆಳಗೆ ಮಿಂದು, ಸಂಜೆಗೆ ವಾಪಸು. ಅಡುಗೆಯವರು ಜೋಮ್ಸೋಮಿನಲ್ಲೇ ಉಳಿದರು. ಎರಡು ಜೀಪು ನಮ್ಮ ಗುಂಪಿನವರಿಗೆ.

ತಪ್ಪು ಆದದ್ದು ಇಲ್ಲಿ. ಜಯಮ್ಮನಿಗೆ ದಮ್ಮಿನ ಕಾಯಿಲೆ. ಬಾಯಿಗಿಟ್ಟು ಒತ್ತಿ ಉಸಿರೆಳೆದುಕೊಳ್ಳುವ ಒಂದು ಪಂಪು ಕೊಟ್ಟಿದ್ದರು ಹಾಸನದ ಡಾಕ್ಟರು. ಅದನ್ನು ಅವಳು ಯಾವಾಗಲೂ ತನ್ನ ಚೀಲದಲ್ಲೇ ಇಟ್ಟುಕೊಳ್ಳುವಳು. ಆದರೆ ಅವತ್ತು ಅವಳ ಚೀಲದಲ್ಲಿ ದೇವರಿಗೆ ತಂದ ತೆಂಗಿನಕಾಯಿ, ಕುಂಕುಮ, ಊದುಬತ್ತಿ. ಪಂಪು ಎಂಜಲು ವಸ್ತು. ಬಾಯಿಗೆ ಮುಟ್ಟಿದ್ದನ್ನು ದೇವರ ಸಾಮಾನಿನ ಜೊತೆ ಇಡುವುದುಂಟೇ? ನನ್ನ ಎಲೆ ಅಡಿಕೆ ಸಂಚಿ ಪಕ್ಕದಲ್ಲೇ ಇತ್ತು. ಎಲೆ ಅಡಿಕೆ ಹೇಗೂ ಬಾಯಿಯದೇ ಸಾಮಾನು. ಅದರೊಳಗೆ ತುರುಕಿದಳು. ಹೇಗೂ ಇಬ್ಬರೂ ಒಂದೇ ಜೀಪು ಅಂದುಕೊಂಡಳು.

ನನಗೆ ಹೇಳಲಿಲ್ಲ. ಹೇಳಿದ್ದಿದ್ದರೆ ಮಂಚಕ್ಕೆ ಹೇಳಿರಬೇಕು, ನಾನು ಆಗ ಬಚ್ಚಲಲ್ಲಿದ್ದೆ.

ಹೊರಗೆ ಬಂದಾಗ ಮೊದಲ ಜೀಪಿನಲ್ಲಿ ಅವಳ ಪಕ್ಕ ಒಂದು ಜಾಗ ಖಾಲಿ ಇತ್ತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದ್ದಳು. ನಾನು ನೋಡಿಯೂ ನೋಡದವಳಂತೆ ಎರಡನೆಯ ಜೀಪಿಗೆ ಹೋಗಿ ಶಾಮಣ್ಣ ಮೇಷ್ಟ್ರ ಪಕ್ಕ ಕೂತೆ. ನನ್ನ ಜಾಗದಲ್ಲಿ ಕಮಲಮ್ಮ ಕೂತರು. ಮೊದಲ ಜೀಪು ಹೋಯಿತು.

ಹೊಳೆಯೊಳಗಿನ ರಸ್ತೆ

ಅಲ್ಲಿ ರಸ್ತೆ ಎಂಬುದು ಹೊಳೆಯ ಪಾತ್ರವೇ. ನಮ್ಮ ಹೇಮಾವತಿಯಲ್ಲಿ ನೀರಿನ ಅಗಲವೇ ಹೊಳೆಯ ಅಗಲ. ಇಲ್ಲಿ ಮೈಲಿ ಅಗಲದ ಬೂದು ಕಲ್ಲಿನ ಬಯಲು, ಅದರೊಳಗೆ ನೀರು ಎಲ್ಲೋ ಒಂದು ಕಡೆ ದಾರಿ ತಪ್ಪಿದ ದನದ ಹಾಗೆ ಅಲೆಯುತ್ತದೆ. ಈ ಹೊಳೆಯಲ್ಲೇ ಸಾಲಿಗ್ರಾಮ ಸಿಗುವುದು. ಮೇಷ್ಟ್ರು ಕಿಟಕಿಯಿಂದ ಬಗ್ಗಿ ಬಗ್ಗಿ ನೋಡುತ್ತಿದ್ದರು. ಕಲ್ಲು ಹುಡುಕುವವರಿಗೆ ಅಲ್ಲಿ ಬರವಿಲ್ಲ.

ಅರ್ಧ ಗಂಟೆ ಹೋಗಿರಬಹುದು, ಜೀಪಿನ ಮುಂದಿನ ಚಕ್ರ ಗುಂಡಿಗೆ ಬಿದ್ದು ಕಟ್ ಎಂದಿತು. ಡ್ರೈವರು ಕೆಳಗೆ ನುಸುಳಿ ನೋಡಿ ತಲೆ ಅಲ್ಲಾಡಿಸಿದ. ಆಕ್ಸೆಲ್ಲು ಮುರಿದಿತ್ತು. ಬೇರೆ ಜೀಪು ತರುತ್ತೇನೆಂದು ಜೋಮ್ಸೋಮಿಗೆ ನಡೆದುಕೊಂಡು ಹೊರಟ.

ನಾವು ಕಲ್ಲಿನ ಮೇಲೆ ಕೂತೆವು. ಎಲೆ ಹಾಕಿಕೊಳ್ಳೋಣವೆಂದು ಸಂಚಿಗೆ ಕೈ ಹಾಕಿದೆ. ಸುಣ್ಣದ ಡಬ್ಬಿ ಅಂತ ಹಿಡಿದದ್ದು ಪಂಪು.

ಮೇಲೆ ಗಾಳಿ ತೆಳ್ಳಗಿದೆ, ದಮ್ಮಿನವರು ಹುಷಾರು ಅಂತ ನಾವು ಉಳಿದಿದ್ದ ಲಾಡ್ಜಿನ ಹೆಂಗಸು ಬೆಳಿಗ್ಗೆಯಷ್ಟೇ ಎದೆ ಮುಟ್ಟಿಕೊಂಡು ಹೇಳಿದ್ದಳು. ಜಯಮ್ಮನಿಗೆ ನಮ್ಮೂರ ಗದ್ದೆ ಬದುವಿನ ಮೇಲೇ ದಮ್ಮು ಬರುತ್ತದೆ.

"ಮೇಷ್ಟ್ರೇ, ಇದು ನಮ್ ಜಯಮ್ಮುಂದು" ಅಂದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಯ್ಯೋ ಕೆಂಪಮ್ಮನೋರೆ, ಅವರು ಆಗಲೇ ಮೇಲೆ ಹೋಗಿರ್ತಾರಲ್ಲ. ಬೆಳಗಿನ ಜೀಪೆಲ್ಲ ಹೊರಟುಹೋಯ್ತು."

ಅಷ್ಟರಲ್ಲಿ ಗಾಳಿ ಶುರುವಾಯಿತು. ಆ ಕಣಿವೆಯಲ್ಲಿ ಹೊತ್ತೇರಿದರೆ ಗಾಳಿ ಎದ್ದೇ ಏಳುತ್ತದೆ. ನಮ್ಮ ಆಷಾಢದ ಗಾಳಿ ಸೀರೆ ಎಳೆಯುತ್ತದೆ, ಇದು ಮನುಷ್ಯರನ್ನೇ ಎಳೆಯುತ್ತದೆ. ಮರಳೆಲ್ಲ ಎದ್ದು ಬೆಟ್ಟ ಮರೆಯಾಯಿತು. ಆ ಮರಳಿನೊಳಗಿನಿಂದ ಒಂದು ಸದ್ದು ಬಂತು. ಗುಡುಗು ದೂರದಲ್ಲಿ ಉರುಳುತ್ತಾ ನಿಲ್ಲದೇ ಇದ್ದರೆ ಹೇಗೋ ಹಾಗೆ. ಕಣ್ಣು ಮುಚ್ಚಿಕೊಂಡೆ. ಒಂದು ಗಳಿಗೆ ನಾನು ಚನ್ನರಾಯಪಟ್ಟಣದ ಕೆರೆ ಏರಿಯ ಮೇಲಿದ್ದೆ.

ಕಣ್ಣು ಬಿಟ್ಟರೆ ಮೋಟಾರ್ ಸೈಕಲ್ಲು. ಎಮ್ಮೆಗಿಂತ ಎತ್ತರ. ಮುಂದೆ ಗಾಳಿಗೆ ಅಡ್ಡ ಗಾಜು, ಎರಡು ಕಡೆಗೂ ಕಬ್ಬಿಣದ ಪೆಟ್ಟಿಗೆ, ಆನೆಗೆ ಹಾಕುವಂಥ ಸೀಟು. ಟ್ಯಾಂಕಿನ ಮೇಲೆ ಹೆಸರಿರುವ ಕಡೆ ಕರೀ ಟೇಪು ಅಂಟಿಸಿದ್ದರು. ಓಡಿಸುವವನು ಉದ್ದಕ್ಕಿದ್ದ, ಜೋಳದ ಕೂದಲಿನಂಥ ಗಡ್ಡ. ಹಿಂದೆ ಒಬ್ಬಳು ಕುಳ್ಳಿ ಹೆಂಗಸು ಹೆಲ್ಮೆಟ್ಟು ಹಾಕಿಕೊಂಡು ಅಲುಗದೆ ಕೂತಿದ್ದಳು. ಹತ್ತಿರ ಬಂದ ಮೇಲೆ ನೋಡಿದರೆ ಹೆಂಗಸಲ್ಲ, ಮರಳು ಮೂಟೆ. ಹಗ್ಗ ಹಾಕಿ ಸೀಟಿಗೆ ಬಿಗಿದು, ಅದರ ತಲೆಯ ಮೇಲೊಂದು ಹೆಲ್ಮೆಟ್ಟು ಕಟ್ಟಿದ್ದ.

ಜೀಪು ದಾರಿಗೆ ಅಡ್ಡ ಇದ್ದದ್ದರಿಂದ ನಿಲ್ಲಿಸಿದ. ಮೇಷ್ಟ್ರು ಎದ್ದು ನಿಂತು ಕೋಟು ಸರಿ ಮಾಡಿಕೊಂಡು ಇಂಗ್ಲಿಷು ಶುರು ಮಾಡಿದರು. ಇಬ್ಬರೂ ಬಹಳ ಹೊತ್ತು ಮಾತಾಡಿದರು.

"ಏನಂತೆ?" ಅಂದೆ.

"ಇನ್ನೂ ಅಂಗಡಿಗೆ ಬಾರದ ಗಾಡಿಯಂತೆ. ದೂರ ಪ್ರಯಾಣಕ್ಕೆ ಅಂತಲೇ ಮಾಡಿರೋದಂತೆ. ಮಾರೋದಕ್ಕೆ ಮುಂಚೆ ಕೆಟ್ಟ ದಾರೀಲಿ ಓಡಿಸಿ ಪರೀಕ್ಷೆ ಮಾಡೋದು ಇವನ ಕೆಲಸ."

"ಮೂಟೆ ಯಾಕಂತೆ?"

"ಹಿಂದೆ ಕೂರೋರ ಭಾರಕ್ಕಂತೆ."

"ಮೇಲಕ್ಕೆ ಓಯ್ತಾನಾ?"

"ಮುಕ್ತಿನಾಥದವರೆಗೂ ಹೋಗ್ತಾನಂತೆ. ಪಂಪು ಕೊಟ್ಟು ಕಳಿಸೋಣ ಬಿಡಿ, ಪುಣ್ಯಾತ್ಮ ತಲುಪಿಸ್ತಾನೆ."

"ಎಂಗೆ ತಲುಪ್ಸಾನು ಮೇಷ್ಟ್ರೇ? ಇವ್ನ್ ಕಣ್ಗೆ ಸೀರೆ ಉಟ್ಟಿರೋ ಮುದ್ಕೀರೆಲ್ಲ ಒಂದೇ. ಅವ್ಳು ಸಿಕ್ಕುದ್ರೂವೆ, ಗುರ್ತಿಲ್ದೋರ ಕೈಯಿಂದ ಬಾಯ್ಗಿಡೋ ವಸ್ತು ಈಸ್ಕಳಾಕಿಲ್ಲ. ಸತ್ರೂ ಈಸ್ಕಳಾಕಿಲ್ಲ. ಮೂಟೆ ಬಿಚ್ಚಕೇಳಿ. ನಾ ಕುಂತ್ಕತೀನಿ."

ಮೇಷ್ಟ್ರು ನನ್ನನ್ನೇ ನೋಡಿದರು. "ಮನುಷ್ಯರನ್ನ ಕೂರಿಸೋ ಹಾಗಿಲ್ಲವಂತೆ ಕೆಂಪಮ್ಮನೋರೆ. ಕಂಪನಿ ರೂಲ್ಸು."

"ಮೂಟೆ ಕೂರ್ಸುದ್ರೆ ಏನ್ ಗೊತ್ತಾಯ್ತದೆ ಅಂತ ಕೇಳಿ. ಎಲ್ ಚುಚ್ತದೆ, ಎಲ್ ಸುಡ್ತದೆ ಅಂತ ಅದು ಏಳಾಕಿಲ್ಲ. ನಾ ಏಳ್ತೀನಿ. ಗಾಡಿ ನೋಡೋದು ನಂಗೊತ್ತು, ಚನ್ನರಾಯಪಟ್ಟಣದಲ್ಲಿ ನೋಡೀವ್ನಿ ಅನ್ನಿ."

ಮೇಷ್ಟ್ರು ಅದೆಷ್ಟು ಹೇಳಿದರೋ ಗೊತ್ತಿಲ್ಲ. ಚನ್ನರಾಯಪಟ್ಟಣ ಅನ್ನುವುದು ಮಾತ್ರ ಕೇಳಿಸಿತು. ಉದ್ದನೆಯವನು ಪಂಪು ಇಸಕೊಂಡ. ಕಿವಿಯ ಹತ್ತಿರ ಹಿಡಿದು, ನಾವು ತೆಂಗಿನಕಾಯಿ ಅಲ್ಲಾಡಿಸಿ ನೀರು ನೋಡುವ ಹಾಗೆ ಅಲ್ಲಾಡಿಸಿದ. ಬೆಟ್ಟದ ಕಡೆ ನೋಡಿದ. ಮೂಟೆಯ ಹಗ್ಗ ಬಿಚ್ಚತೊಡಗಿದ.

ನಾನು ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂರಲು ಹೋದೆ. ಅವನು ಬೇಡ ಬೇಡ ಎಂದು ಕೈ ಆಡಿಸಿದ. ಪೆಟ್ಟಿಗೆ ಅಡ್ಡ ಇತ್ತು, ಸೀರೆಗೆ ಗಾರ್ಡೂ ಇರಲಿಲ್ಲ. ಆ ಗಾಡಿ ಮಾಡುವ ದೇಶದಲ್ಲಿ ಸೀರೆ ಉಟ್ಟವರು ಹಿಂದೆ ಕೂರಬಹುದು ಎಂದು ಯಾರಿಗೂ ಹೊಳೆದಿಲ್ಲ. ಸರಿ, ಮೇಷ್ಟ್ರಿಗೆ ಆ ಕಡೆ ತಿರುಗಿ ಎಂದೆ. ನೆರಿಗೆ ಎತ್ತಿ, ಕಾಲ ಸಂದಿಯಿಂದ ಹಿಂದಕ್ಕೆ ತೆಗೆದು ಕಚ್ಚೆ ಸಿಕ್ಕಿಸಿದೆ. ನಾಟಿ ಹಾಕುವಾಗ ಗದ್ದೆಗೆ ಇಳಿಯುವುದು ಹಾಗೆಯೇ. ಮೂಟೆಯ ಹೆಲ್ಮೆಟ್ಟು ನನ್ನ ತಲೆಗೆ ಬಂತು. ಒಳಗೆಲ್ಲ ಮರಳು.

ಏರು

ಹೊರಟೆವು.

ಮೊದಲು ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದೇನು. ಕಲ್ಲಿನ ಮೇಲೆ ಹೋಗುತ್ತಿದ್ದರೂ ಗಾಡಿ ಕಲ್ಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಕೆಳಗೆ ಚಕ್ರ ಏಳುತ್ತದೆ, ಬೀಳುತ್ತದೆ, ಮೇಲೆ ನಾವು ತೇಲುತ್ತೇವೆ. ಹೊಳೆಯ ಒಂದು ಕವಲು ಅಡ್ಡ ಬಂತು. ನಿಲ್ಲಿಸಲೇ ಇಲ್ಲ. ನೀರು ಎರಡು ಕಡೆ ರೆಕ್ಕೆಯ ಹಾಗೆ ಎದ್ದಿತು, ಕಾಲಿಗೆ ಮಂಜಿನ ನೀರು ಹೊಡೆಯಿತು, ಆಚೆ ದಡದಲ್ಲಿದ್ದೆವು. ಅವನು ಸೀಟಿನ ಮೇಲೆ ಕೂರದೆ ನಿಂತುಕೊಂಡೇ ಓಡಿಸುತ್ತಿದ್ದ. ಅಡ್ಡೆ ಗಾಡಿಯ ಮೂಕಿಯ ಮೇಲೆ ನಿಂತು ಎತ್ತು ಹೊಡೆಯುವ ನಮ್ಮವರ ಹಾಗೆ.

ಕಾಗ್ಬೇನಿ ಎಂಬ ಊರು ಕೆಳಗೆ ಕಾಣಿಸಿತು. ಕಂದು ಬೆಟ್ಟಗಳ ನಡುವೆ ಒಂದೇ ಒಂದು ಹಸಿರು ತುಂಡು. ಯಾರೋ ನಮ್ಮ ಸಾಲಗಾಮೆ ಕಡೆಯ ಒಂದು ಗದ್ದೆಯನ್ನು ಕತ್ತರಿಸಿ ತಂದು ಇಲ್ಲಿ ಬೀಳಿಸಿ ಹೋದ ಹಾಗೆ. ಅಲ್ಲಿಂದ ರಸ್ತೆ ಬೆಟ್ಟಕ್ಕೆ ತಿರುಗಿತು. ಗಾಳಿ ಹಿಂದಿನಿಂದ ನೂಕುತ್ತಿತ್ತು. ಮೇಲೆ ಹೋದಂತೆ ಸದ್ದುಗಳು ಒಂದೊಂದಾಗಿ ಬಿಟ್ಟುಹೋದವು. ಹೊಳೆ ಬಿಟ್ಟಿತು, ಗಾಳಿ ಬಿಟ್ಟಿತು. ಇಂಜಿನ್ನೊಂದೇ ಉಳಿಯಿತು. ಅದೂ ಹೊಟ್ಟೆಯೊಳಗೆ.

ಕಣ್ಣು ಅರ್ಧ ಮುಚ್ಚಿತು. ಬೆಟ್ಟ ಬೆಟ್ಟಕ್ಕೆ ಅಂಟಿಕೊಂಡು ಹರಿಯತೊಡಗಿತು. ಬಿಳಿ ಬೆಟ್ಟ, ಕೆಂಪು ಬೆಟ್ಟ, ನೀಲಿ ಬೆಟ್ಟ. ನಡುವೆ ಅರಕಲಗೂಡಿನ ರಸ್ತೆಯ ಹುಣಸೆ ಮರಗಳೂ ಇದ್ದವು, ನಾನು ನೋಡಿದೆ. ಹೊಳೆನರಸೀಪುರದ ಸೇತುವೆ ದಾಟಿದೆವು. ಮುಂದೆ ಕೂತವರು ಯಾರು ಎಂದು ನಾನು ಕೇಳಿಕೊಳ್ಳಲಿಲ್ಲ. ಬೆನ್ನು ಬೆನ್ನೇ. ಒಂದು ತಿರುವಿನಲ್ಲಿ ಮಾತ್ರ, ರಸ್ತೆ ಬದಿಯಲ್ಲಿ ಮೊರದ ಬಾಗಿನ ಹಿಡಿದುಕೊಂಡು ಒಬ್ಬಳು ಬಸ್ಸಿಗೆ ಕಾಯುತ್ತಾ ನಿಂತಿದ್ದಳು. ನಾವು ನಿಲ್ಲಿಸದೆ ಹೋದೆವು. ಎಚ್ಚರವಾಯಿತು. ಒಂದು ಕೈ ಸೀಟಿನ ಹಿಂದಿನ ಕಬ್ಬಿಣ ಹಿಡಿದಿತ್ತು. ಇನ್ನೊಂದು ಕೈ ಸಂಚಿ ಹಿಡಿದಿತ್ತು.

ಅರ್ಧ ಏರಿನಲ್ಲಿ ಅವನು ನಿಲ್ಲಿಸಿದ. ಟೈರನ್ನು ಎರಡು ಕೈಯಲ್ಲಿ ಒತ್ತಿ ನೋಡಿದ. ಇಂಜಿನ್ನಿನ ಹತ್ತಿರ ಕಿವಿ ಇಟ್ಟ. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಪ್ರತಿಯೊಂದನ್ನೂ ಮುಟ್ಟಿ, ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡ. ಜೇಬಿನಿಂದ ಸೇಬು ತೆಗೆದು ಅರ್ಧ ನನಗೆ ಕೊಟ್ಟು, ತನ್ನರ್ಧವನ್ನು ಬೀಜದ ಸಮೇತ ತಿಂದ. ಆಮೇಲೆ ಸೀಟು ತೋರಿಸಿ, ಹೇಗೆ ಎಂದು ಹುಬ್ಬು ಎತ್ತಿದ.

ಬೇಗ ಹೊರಡು ಎಂದು ನನ್ನ ಮನಸ್ಸು ಕುದಿಯುತ್ತಿತ್ತು. ಆದರೂ ಮಾತು ಕೊಟ್ಟಿದ್ದೆ. ನೆಟ್ಟಗೆ ಕನ್ನಡದಲ್ಲೇ ಹೇಳಿದೆ. ಸೀಟಿನ ಹಿಂದಿನ ಅಂಚು ಬೆನ್ನು ಹುರಿಯ ಬುಡಕ್ಕೆ ಬಡಿಯುತ್ತದೆ, ಅಲ್ಲಿ ಕೈಯಿಟ್ಟು ತೋರಿಸಿದೆ. ಸೈಲೆನ್ಸರು ಮೀನಖಂಡ ಸುಡುತ್ತದೆ, ತೋರಿಸಿದೆ. ಹಿಡಿಯುವ ಕಬ್ಬಿಣ ತೀರಾ ಹಿಂದಾಯಿತು, ಕುಳ್ಳಿಯರಿಗೆ ಎಟಕುವುದಿಲ್ಲ. ಸೀರೆಗೆ ಗಾರ್ಡು ಬೇಕು. ಇದನ್ನು ತೋರಿಸಲು ಕಚ್ಚೆ ಬಿಚ್ಚಬೇಕಿತ್ತು, ಬಿಟ್ಟೆ. ಅವನು ಪಾಠ ಬರೆದುಕೊಳ್ಳುವವನಂತೆ ಬರೆದುಕೊಂಡ. ಕೊನೆಗೆ ಪೆನ್ನು ನನ್ನ ಕೈಗೆ ಕೊಟ್ಟ. ಕೆಂಪಮ್ಮ ಎಂದು ಬರೆದೆ. ಒತ್ತು ಸರಿಯಾಗಿ ಬಿತ್ತು.

ಆಮೇಲೆ ಆ ಸೀಟು ಬದಲಾಯಿಸಿದರೋ ಇಲ್ಲವೋ ನನಗೇನು ಗೊತ್ತು.

ಮುಕ್ತಿನಾಥ

ಜೀಪು ನಿಲ್ಲುವ ಜಾಗದಲ್ಲಿ, ಗೋಡೆಗೆ ಒರಗಿ, ಜಯಮ್ಮ ಕೂತಿದ್ದಳು. ಗುಡಿಗೆ ಹತ್ತಿರಲಿಲ್ಲ. ಉಳಿದವರು ಹತ್ತಿ ಹೋಗಿದ್ದರು. ಕಮಲಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಜಯಮ್ಮನ ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ಎರಡು ಭುಜವೂ ಉಸಿರಿಗೆ ಏಳುತ್ತಿದ್ದವು.

"ಆಗಿನಿಂದ ನಿಮ್ಮ ಜೀಪಿನ ದಾರೀನೇ ನೋಡ್ತಿದಾರೆ ಕಣ್ರೀ. ಯಾಕೆ ಅಂದ್ರೆ ಹೇಳಕ್ಕೂ ಉಸಿರಿಲ್ಲ" ಅಂದರು ಕಮಲಮ್ಮ.

ನಾನು ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ಹೋಗಿ ಪಂಪು ಅವಳ ಕೈಗಿಟ್ಟೆ. ಅವಳು ನನ್ನನ್ನು ನೋಡಲಿಲ್ಲ, ಪಂಪು ನೋಡಿದಳು. ಬಾಯಿಗಿಟ್ಟು ಒತ್ತಿದಳು. ಸ್ವಲ್ಪ ತಾಳಿ ಇನ್ನೊಂದು ಸಲ. ನಾನು ನಿಂತೇ ಇದ್ದೆ. ಅವಳ ಭುಜ ಇಳಿಯುವವರೆಗೆ ನನ್ನದೂ ಇಳಿಯಲಿಲ್ಲ.

ಆಮೇಲೆ ಅವಳು ಪಕ್ಕದ ಕಲ್ಲಿನ ಕಡೆ ತಿರುಗಿ, ತಡೆದು ತಡೆದು ಅಂದಳು. "ಕಲ್ಲೇ, ಬಂದೋರು ಗಾಳೀಲಿ ಬಂದವ್ರೆ. ಬಿಸ್ನೀರು ಕುಡೀಲಿ ಅಂತ ಏಳು."

ಅಲ್ಲಿನ ಲಾಡ್ಜಿನ ಮುದುಕಿಯೊಬ್ಬಳು ಬಂದು ಜಯಮ್ಮನ ಉಗುರು ನೋಡಿ, ಕೈಯನ್ನು ಕೆಳಗೆ ಕೆಳಗೆ ಎಂದು ಆಡಿಸಿದಳು. ಇಲ್ಲಿ ಇರಬಾರದು, ಈಗಲೇ ಕೆಳಗಿಳಿಸಿ ಅಂತ. ಜೀಪಿನವರು ಊಟಕ್ಕೆ ಹೋಗಿದ್ದರು, ಯಾತ್ರಿಗಳು ಇಳಿದು ಬರುವವರೆಗೆ ಹೊರಡುವುದಿಲ್ಲ. ನಾನು ಉದ್ದನೆಯವನ ಕಡೆ ನೋಡಿದೆ. ಜಯಮ್ಮನನ್ನು ತೋರಿಸಿದೆ. ಸೀಟು ತೋರಿಸಿದೆ. ಕೆಳಗೆ ತೋರಿಸಿದೆ. ಅವನು ಜಯಮ್ಮನನ್ನು ಮೇಲಿನಿಂದ ಕೆಳಗೆ ನೋಡಿದ. ಅವಳು ನನ್ನ ಒಂದೂವರೆಯಷ್ಟಿದ್ದಾಳೆ. ಬ್ರೇಕು ತುಳಿದು ತೋರಿಸಿ, ಇಳಿಜಾರಿಗೆ ಇದೇ ಸರಿಯಾದ ಭಾರ ಎನ್ನುವಂತೆ ತಲೆ ಅಲ್ಲಾಡಿಸಿದ. ಪುಸ್ತಕ ತೆಗೆದು ಏನೋ ಬರೆದುಕೊಂಡ.

ನಾನು ಗಾಡಿಗೆ ಹೇಳಿದೆ. "ಗಾಡಿ, ಇವ್ಳುನ್ನ ಕೆಳಿಕ್ಕೆ ಕರ್ಕ ಓಗು. ಹತ್ಲಿ ಅಂತ ಏಳು."

ಜಯಮ್ಮ ಗಾಡಿಯನ್ನು ನೋಡಿದಳು. ಸೀಟನ್ನು ನೋಡಿದಳು. ಉಸಿರು ಕೂಡಿಸಿಕೊಂಡು ಗಾಡಿಗೇ ಉತ್ತರ ಕೊಟ್ಟಳು.

"ನಾ ಹತ್ತಾಕಿಲ್ಲ. ಅದೇನು ನಮ್ಮಪ್ಪನ್ ಮನೆಯಿಂದ ಬಳುವಳಿ ಬಂದಿದ್ದಲ್ಲ."

ಹನ್ನೊಂದು ವರ್ಷ ಒಂದು ಅಕ್ಷರ ಹೆಚ್ಚು ಕಡಿಮೆ ಮಾಡದೆ ಇಟ್ಟುಕೊಂಡಿದ್ದಳು. ಕಮಲಮ್ಮ ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡುತ್ತಿದ್ದರು. ಜಯಮ್ಮನ ತುಟಿಯ ಬಣ್ಣ ಇನ್ನೂ ಪೂರಾ ತಿರುಗಿರಲಿಲ್ಲ. ಅಷ್ಟರಲ್ಲಿ ಉದ್ದನೆಯವನು ಇಂಜಿನ್ನು ಚಾಲೂ ಮಾಡಿದ. ಆ ಸದ್ದಿನಲ್ಲಿ ಗಾಡಿಗೆ ಹೇಳಿದರೂ ಕೇಳುವುದಿಲ್ಲ, ಕಲ್ಲಿಗೆ ಹೇಳಿದರೂ ಕೇಳುವುದಿಲ್ಲ. ಕಿವಿಯ ಹತ್ತಿರ ಬಾಯಿಟ್ಟು ಹೇಳಬೇಕು, ಅಷ್ಟೇ ದಾರಿ. ನಾನು ಬಗ್ಗಿದೆ.

"ಜಯಿ, ಅವತ್ತು ಅಂದಿದ್ದು ನಂದೇ ತೆಪ್ಪು. ಹತ್ತು" ಅಂದೆ.

ಇಂಜಿನ್ನು ಗುಡುಗುತ್ತಲೇ ಇತ್ತು. ಬಿಳಿ ಬೆಟ್ಟದ ತುದಿಯಿಂದ ಮಂಜಿನ ಪುಡಿ ಹೊಗೆಯ ಹಾಗೆ ಹಾರುತ್ತಿತ್ತು. ಆಮೇಲೆ ಅವಳು ನನ್ನ ಕೈ ಹಿಡಿದು ಎದ್ದಳು.

"ಅಕ್ಕಯ್ಯ, ಸೀರೆ ಎಂಗ್ ಕಟ್ಕಳದು ಇದುಕ್ಕೆ?"

"ನಾಟಿಗೆ ಕಟ್ಟಂಗೆ."

ಅವಳಿಗೆ ಬಗ್ಗಲು ಆಗುತ್ತಿರಲಿಲ್ಲ. ನಾನೇ ಬಗ್ಗಿ ನೆರಿಗೆ ಎತ್ತಿ ಹಿಂದಕ್ಕೆ ತೆಗೆದು ಕಚ್ಚೆ ಸಿಕ್ಕಿಸಿದೆ. ಹೆಲ್ಮೆಟ್ಟು ತೆಗೆದು ಅವಳ ತಲೆಗೆ ಹಾಕಿದೆ. ಕಮಲಮ್ಮನೂ ನಾನೂ ಸೇರಿ ಮೇಲಕ್ಕೆತ್ತಿದೆವು. ಸೈಲೆನ್ಸರಿನ ಕಡೆ ಕಾಲು ತಾಗಿಸಬೇಡ ಅಂದೆ. ಸರಿ ಎಂದು ಹೆಲ್ಮೆಟ್ಟು ಅಲ್ಲಾಡಿತು. ಪಂಪನ್ನು ಅವಳ ಮುಷ್ಟಿಯಲ್ಲಿ ಹಿಡಿಸಿದೆ.

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಮೊದಲ ಸಲ ಆ ಸೀಟನ್ನು ಹಿಂದಿನಿಂದ ನೋಡಿದ್ದು. ಒಬ್ಬಳು ಹೋಗುತ್ತಾಳೆ, ಒಬ್ಬಳು ನಿಲ್ಲುತ್ತಾಳೆ. ನಿಂತವಳಿಗೆ ಧೂಳು.

ಆಮೇಲೆ ಕಮಲಮ್ಮನ ಜೊತೆ ಗುಡಿಗೆ ಹತ್ತಿದೆ. ನೂರೆಂಟು ನಲ್ಲಿ, ಹಸುವಿನ ಮುಖದ್ದು, ಅರ್ಧ ಚಂದ್ರನ ಹಾಗೆ ಗೋಡೆಗೆ ಕೂರಿಸಿದ್ದಾರೆ. ಜಯಮ್ಮನ ಚೀಲದ ತೆಂಗಿನಕಾಯಿಯನ್ನು ನಾನೇ ಒಪ್ಪಿಸಿದೆ. ನಲ್ಲಿಗಳ ಕೆಳಗೆ ಒಂದು ಸಲ ಓಡಿದೆ. ಚಳಿಗೆ ತಲೆ ಬುರುಡೆ ಬಿರಿಯಿತು. ಮುಕ್ತಿ ಸಿಗುತ್ತದಂತೆ. ಸಿಕ್ಕಿದ್ದರೆ ಸತ್ತ ಮೇಲೆ ಗೊತ್ತಾಗುತ್ತದೆ. ಅವಳಿಗಾಗಿ ಇನ್ನೊಂದು ಸಲ ಓಡಿದೆ.

ಜೋಮ್ಸೋಮ್, ಸಂಜೆ

ಜೀಪು ಇಳಿದಾಗ ಬೆಟ್ಟದ ಮೇಲೆ ಇನ್ನೂ ಬಿಸಿಲಿತ್ತು, ಬೀದಿಗೆ ನೆರಳು ಬಿದ್ದಿತ್ತು. ಮೇಷ್ಟ್ರು ಮೊದಲೇ ಬಂದು ಕೂತಿದ್ದರು. ಮೇಲೆ ಹೋಗಲು ಅವರಿಗೆ ಬೇರೆ ಜೀಪು ಸಿಗಲೇ ಇಲ್ಲ. ಆದರೂ ಜೇಬಿನ ತುಂಬ ಕಲ್ಲು. ಯಾವುದೂ ಸಾಲಿಗ್ರಾಮವಲ್ಲ ಎಂದು ಲಾಡ್ಜಿನವಳು ಹೇಳಿದಳಂತೆ, ಆದರೂ ಎಸೆದಿರಲಿಲ್ಲ.

ಜಯಮ್ಮ ಅಡುಗೆಯವರ ಒಲೆ ಮುಂದೆ ಕಂಬಳಿ ಹೊದ್ದು ಕೂತಿದ್ದಳು. ತುಟಿಗೆ ಬಣ್ಣ ಬಂದಿತ್ತು. ಗಾಡಿಯವನು ಆಗಲೇ ಮರಳು ಮೂಟೆ ಕಟ್ಟಿಕೊಂಡು ಹೊರಟುಹೋಗಿದ್ದ. ನಾನು ಪಕ್ಕದಲ್ಲಿ ಕೂತೆ. ಅವಳು ಒಲೆಯ ಕಡೆ ನೋಡಿದಳು. ಒಲೆಗೆ ಹೇಳುತ್ತಾಳೆ ಅಂದುಕೊಂಡೆ. ನನ್ನ ಕಡೆ ತಿರುಗಿದಳು.

"ಅಕ್ಕಯ್ಯ, ಬೆನ್ನುರಿ ಬುಡುಕ್ಕೆ ಬಡೀತದೆ ಕಣ ಆ ಸೀಟು. ಕಾಲು ಬ್ಯಾರೆ ಸುಡ್ತದೆ. ಇಂತಾ ಸೀಟ್ಗಾ ನಾವು ಇಷ್ಟ್ ವರ್ಸ ಗ್ವಾಡೆ ಜತೆ ಮಾತಾಡಿದ್ದು?"

"ನಮ್ದು ಇನ್ನೂ ಮೋಸವಾಗಿತ್ತು. ಸ್ಪ್ರಿಂಗು ಚುಚ್ತಿತ್ತು" ಅಂದೆ.

"ಮೊದ್ಲೇ ಏಳಾಕೇನಾಗಿತ್ತು?"

ಸಂಚಿ ಬಿಚ್ಚಿ ಎಲೆ ಮಡಿಸಿ ಕೊಟ್ಟೆ. ಬಾಯಿಗೆ ಹಾಕಿಕೊಂಡು, ಕಂಬಳಿಯ ಒಳಗಿನಿಂದ ಪಂಪು ತೆಗೆದಳು. ನನ್ನ ಸಂಚಿಯೊಳಗೆ, ಸುಣ್ಣದ ಡಬ್ಬಿಯ ಪಕ್ಕ ಇಟ್ಟು ದಾರ ಎಳೆದಳು.

"ಅಕ್ಕಯ್ಯ, ಪಂಪು ಇಲ್ಲಿ ಮಡಗಿವ್ನಿ" ಅಂದಳು.